ಎದುರು ಮನೆ ಆಂಟಿ ಕೇಳಿದ ಆನಿಯ ಕಲ್ಲು

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ದೂರು ಎಂದೇ ಓದಿಕೊಳ್ಳಿ. ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ಗೆ ಬಂದ ಹೊಸತರಲ್ಲಿ ಬೆಂಗಳೂರಿನವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಮನೆಯಾಕೆ ಪ್ರೀತಿಯಿಂದ, "ಬಿಸಿಬೇಳೆಭಾತ್ ಹೇಗಿದೆ?" ಎಂದು ಕೇಳಿದರು. ಇಡೀ ಟೇಬಲ್ಲು ಸೂಪರ್ ಎಂದಿತು. ಇವರು ಮಾತ್ರ ಚಮಚ ಕೆಳಗಿಟ್ಟು, ಬೇಳೆ ಇನ್ನೂ ಎರಡು ಸೀಟಿ ಕೂಗಬೇಕಿತ್ತು ಎಂದರು. ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿಲ್ಲ. ಇವರ ಕೆಲಸ ಸೇತುವೆಗಳ ಬಿರುಕು ಹುಡುಕಿ ವರದಿ ಬರೆಯುವುದು. ಕಂಡದ್ದನ್ನು ಕಂಡ ಹಾಗೆ ಬರೆದು ಬರೆದು ನಾಲಗೆಗೂ ಅದೇ ಚಟ ಹತ್ತಿದೆ. ಇಂಥವರನ್ನು ಜೊತೆಗೆ ಕರೆದುಕೊಂಡು ನಾನು ಒಂದು ಕಲ್ಲು ಕದಿಯಲು ಹೋದೆ.

ಕಲ್ಲು ಬೇಕಾಗಿದ್ದುದು ನನಗಲ್ಲ, ಎದುರು ಮನೆಯ ಆಂಟಿಗೆ. ಅವರು ಆರ್ಮೇನಿಯನ್. ಬೇರೂತ್‌ನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಅಮೆರಿಕಕ್ಕೆ ಬಂದವರು. ಎಂಬತ್ತೈದು ದಾಟಿದೆ. ಬೆನ್ನು ಬಾಗಿದೆ, ಕಣ್ಣು ಮಾತ್ರ ಬಲು ಚುರುಕು. ನಮ್ಮ ಬೀದಿಯಲ್ಲಿ ಮೊಟ್ಟಮೊದಲು ಮನೆ ಕೊಂಡವರಲ್ಲಿ ಅವರೂ ಅವರ ಯಜಮಾನರೂ ಸೇರಿದ್ದರಂತೆ. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾವು ಬಂದು ಮೂರು ವರ್ಷವಾದರೂ ಕಾರಿನೊಳಗಿಂದ ಕೈ ಬೀಸುವುದರಾಚೆಗೆ ಪರಿಚಯ ಬೆಳೆದಿರಲಿಲ್ಲ. ಕಮ್ಮಿಂಗ್‌ನಲ್ಲಿ ಮನುಷ್ಯರಿಗಿಂತ ಅವರವರ ಕಾರಿನ ಗುರುತು ಮೊದಲು ಸಿಗುತ್ತದೆ.

2020ರಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಾಗ, ಈ ಮುದುಕಿ ಒಬ್ಬಳೇ ಏನು ತಿನ್ನುತ್ತಾಳೋ ಎಂದು ನನಗೆ ಜೀವ ತಡೆಯಲಿಲ್ಲ. ಒಂದು ಡಬ್ಬಿಯಲ್ಲಿ ಖಡಕ್ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಚಟ್ನಿಪುಡಿ ತುಂಬಿ, ಅವರ ಬಾಗಿಲಲ್ಲಿಟ್ಟು, ಬೆಲ್ ಒತ್ತಿ ಓಡಿ ಬಂದೆ. ಅಂಥ ಗಟ್ಟಿ ರೊಟ್ಟಿಯನ್ನು ಅವರು ಯಾವ ಹಲ್ಲಿನಿಂದ ಕಡಿಯಬೇಕು ಎಂಬ ಯೋಚನೆ ಬಂದದ್ದು ಮನೆ ಸೇರಿದ ಮೇಲೆ. ಮರುದಿನ ಖಾಲಿ ಡಬ್ಬಿಗಾಗಿ ಹೋದರೆ ಅವರು ಬಾಗಿಲಲ್ಲೇ ನಿಂತಿದ್ದರು. ರೊಟ್ಟಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಿಂದಿದ್ದರು. ಅವರ ಕಡೆಯೂ ಲವಾಶ್ ಅಂತ ತೆಳ್ಳನೆಯ ರೊಟ್ಟಿ ಇದೆಯಂತೆ. ಒಣಗಿಸಿ ತಿಂಗಳುಗಟ್ಟಲೆ ಇಟ್ಟು, ತಿನ್ನುವಾಗ ಹೀಗೇ ನೀರು ಚಿಮುಕಿಸುತ್ತಾರಂತೆ. "ಇದನ್ನ ನಿಮಗ ಯಾರು ಕಲಿಸಿದ್ರು?" ಎಂದು ಕೇಳಿದರು, ನಾನು ಅವರ ಮನೆಯಿಂದಲೇ ಕದ್ದು ಕಲಿತ ಹಾಗೆ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಅವರ ಇಂಗ್ಲಿಷು ನನ್ನ ಕಿವಿಗೆ ಬೀಳುವಷ್ಟರಲ್ಲಿ ನಮ್ಮ ಕಡೆಯ ಕನ್ನಡವಾಗಿರುತ್ತಿತ್ತು. ಹಾಗೇ ಬರೆಯುತ್ತೇನೆ.

ಎರಡೂ ಡಬ್ಬಿಗಳನ್ನು ಕೈಗೆ ಕೊಟ್ಟರು. ಭಾರವಾಗಿದ್ದವು. ಒಂದರಲ್ಲಿ ಒಣ ಏಪ್ರಿಕಾಟು, ಇನ್ನೊಂದರಲ್ಲಿ ಎಳ್ಳು ಹಚ್ಚಿದ ಬನ್ನು. "ಡಬ್ಬಿ ಖಾಲಿ ತಿರುಗಿ ಕೊಟ್ರ ನಮ್ಮವ್ವ ಬೈತಿದ್ಲು," ಎಂದರು. ನನಗೆ ಅಲ್ಲಿಯೇ ಅವರ ಮೇಲೆ ಜೀವ ಬಂತು. ನಮ್ಮವ್ವನೂ ಅಷ್ಟೇ. ಪಕ್ಕದ ಮನೆಯ ಬಟ್ಟಲು ಹಿಂದಿರುಗಿಸುವಾಗ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕಳಿಸುತ್ತಿದ್ದಳು. ಹೀಗೆ ಶುರುವಾದದ್ದು ಮೂರು ವರ್ಷ ನಡೆಯಿತು. ಇಬ್ಬರಿಗೂ ನಿಲ್ಲಿಸಲು ಬರುವಂತಿರಲಿಲ್ಲ. ನಿಲ್ಲಿಸಬೇಕಾದರೆ ಯಾರಾದರೊಬ್ಬರು ಖಾಲಿ ಡಬ್ಬಿ ಕೊಡಬೇಕಿತ್ತು.

ಆಮೇಲೊಂದು ವಸಂತದಲ್ಲಿ ಆಂಟಿಯ ಅಂಗಳದ ಹುಲ್ಲಿನ ಮೇಲೆ ಮನೆ ಮಾರಾಟಕ್ಕಿದೆ ಎಂಬ ಬೋರ್ಡು ನಿಂತಿತು. ಅವರ ಮಗ ದೂರದ ಡರ್ಹಮ್‌ನಲ್ಲಿ ಡಾಕ್ಟರು. ಇನ್ನು ಒಬ್ಬಳೇ ಇರುವುದು ಸಾಕು ಎಂದು ಹಟ ಹಿಡಿದಿದ್ದ. ಬೇಸಿಗೆ ಮುಗಿಯುವುದರೊಳಗೆ ಹೋಗಬೇಕಂತೆ. ನಾವು ಆ ಬೇಸಿಗೆಯಲ್ಲಿ ಊರಿಗೆ ಹೋಗುವವರಿದ್ದೆವು. ಇಸ್ತಾಂಬುಲ್ ಮೇಲಿಂದ ಟಿಕೆಟ್ಟು ಎಂದು ಬಾಯಿಮಾತಿಗೆ ಹೇಳಿದೆ. ಆಂಟಿ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು.

"ಅಲ್ಲಿಂದ ಆನಿಗೆ ಹೋಗಬಹುದು," ಎಂದರು.

ಆನಿ ಎಂದರೆ ಯಾರೋ ಹೆಂಗಸು ಎಂದು ನಾನು ತಿಳಿದೆ. ಅಲ್ಲ, ಅದು ಊರು. ಸಾವಿರ ವರ್ಷದ ಹಿಂದೆ ಆರ್ಮೇನಿಯದ ರಾಜರ ರಾಜಧಾನಿ, ಸಾವಿರದ ಒಂದು ಚರ್ಚುಗಳ ಊರು ಎಂದು ಹೆಸರು. ಈಗ ಟರ್ಕಿಯ ಪೂರ್ವದ ತುದಿಯಲ್ಲಿ ಹಾಳುಬಿದ್ದಿದೆ. ಆಂಟಿಯ ಅವ್ವ ಹುಟ್ಟಿದ್ದು ಅದರ ಪಕ್ಕದ ಹಳ್ಳಿಯಲ್ಲಿ. ನೂರು ವರ್ಷದ ಹಿಂದೆ ಆರ್ಮೇನಿಯನ್ನರನ್ನೆಲ್ಲ ಅಲ್ಲಿಂದ ಓಡಿಸಿದಾಗ ಆಕೆ ಸಣ್ಣ ಹುಡುಗಿ. ಲಂಗದ ಅಂಚಿನಲ್ಲಿ ಹೊಲಿದಿಟ್ಟುಕೊಂಡು ಬಂದದ್ದು ಒಂದೇ ಒಂದು ವಸ್ತು, ಆನಿಯ ಗೋಡೆಯ ಬುಡದಲ್ಲಿ ಸಿಕ್ಕ ಅಡಿಕೆ ಗಾತ್ರದ ಕೆಂಪು ಕಲ್ಲು.

"ನಾ ಅದನ್ನ ಕಳದೆ," ಎಂದರು ಆಂಟಿ. "ಏಳು ವರ್ಷದಾಕಿ ಇದ್ದೆ. ಕುಂಟೆಬಿಲ್ಲೆ ಆಡಾಕ ಕಲ್ಲು ಬೇಕಾಗಿತ್ತು. ಅವ್ವನ ಪೆಟ್ಟಿಗಿಯಿಂದ ತಗೊಂಡು ಹೋದೆ. ಎಸೆದೆ, ಜಾರಿ ಗಟಾರದಾಗ ಬಿತ್ತು. ಅವ್ವ ನನಗ ಬೈಲಿಲ್ಲ, ಹೊಡೀಲಿಲ್ಲ. ಮೂರು ದಿನ ಗಟಾರದ ಮುಂದ ಕೂತು ಕೋಲಿನಿಂದ ಕೆದಕಿದಳು. ಆಮ್ಯಾಲೆ ಎದ್ದು ಒಳಗ ಹೋಗಿ ಅಡಿಗಿ ಮಾಡಿದಳು. ಸಾಯೋತನಕ ಅದರ ಮಾತು ತಗೀಲಿಲ್ಲ."

ಹೊಡೆದಿದ್ದರೆ ಒಳ್ಳೆಯದಿತ್ತು, ಮರೆಯುತ್ತಿದ್ದೆ ಎಂದರು. ಒಳಗೆ ಹೋಗಿ ಒಂದು ಶಾಲು ತಂದು ನನ್ನ ಮಡಿಲಿಗೆ ಹಾಕಿದರು. ಕ್ರೀಮ್ ಬಣ್ಣದ, ತೂತು ತೂತಿನ ಕಸೂತಿಯ ಉಣ್ಣೆಯ ಶಾಲು. ಅವರ ಅವ್ವನದು. ಚರ್ಚಿನೊಳಗೆ ಹೋಗುವಾಗ ತಲೆಯ ಮೇಲೆ ಹಾಕಿಕೋ, ಬರುವಾಗ ಒಂದು ಕಲ್ಲು ತಾ ಎಂದರು. ದೊಡ್ಡದೇನೂ ಬೇಡ, ಅಡಿಕೆಯಷ್ಟು. ನಾನು ಹ್ಞೂಂ ಎಂದೆ. ಎಂಬತ್ತೈದು ದಾಟಿದ ಹೆಂಗಸು ಏಳು ವರ್ಷದವಳಾಗಿ ಕೂತು ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ?

ನನ್ನ ಗಂಡ ಎನ್ನುತ್ತಾರೆ. ಮನೆಗೆ ಬಂದು ಹೇಳಿದ್ದೇ ತಡ, ಲ್ಯಾಪ್‌ಟಾಪ್ ತೆರೆದು ಓದಿದರು. ಟರ್ಕಿಯಲ್ಲಿ ಹಳೆಯ ಜಾಗದಿಂದ ಕಲ್ಲು ಒಯ್ದರೆ ಅಪರಾಧ, ಹಿಡಿದರೆ ಜೈಲೂ ಆಗಬಹುದು.

"ಅಡಿಕಿಯಷ್ಟು ಕಲ್ಲಿಗೆ ಯಾರು ಹಿಡೀತಾರ್ರೀ?" ಎಂದೆ.

"ಹನ್ನೊಂದು ವರ್ಷ ಆತು ಗ್ರೀನ್ ಕಾರ್ಡ್ ಲೈನಿನ್ಯಾಗ ನಿಂತು. ಯಾವಾಗರ ಅರೆಸ್ಟ್ ಆಗಿದ್ದಿರೇನು ಅಂತ ಫಾರ್ಮಿನ್ಯಾಗ ಕೇಳ್ತಾರ. ಹೌದು, ಕಲ್ಲು ಕದ್ದಿದ್ವಿ ಅಂತ ಬರೀಲೇನು?"

"ಬರೀಬ್ಯಾಡ್ರಿ. ಇಲ್ಲ ಅಂತ ಟಿಕ್ ಮಾಡ್ರಿ."

ಅವರು ನನ್ನನ್ನು ನೋಡಿದ ರೀತಿಗೆ ನಾನೇ ಆ ಮಾತು ಹಿಂದಕ್ಕೆ ತೆಗೆದುಕೊಂಡೆ. ಕೊನೆಗೆ ಒಪ್ಪಂದವಾಯಿತು. ಆನಿಗೆ ಹೋಗುವುದು, ಫೋಟೋ ತೆಗೆಯುವುದು, ವಿಡಿಯೋ ಮಾಡುವುದು, ಕಲ್ಲಿಗೆ ಕೈ ಹಚ್ಚುವುದಿಲ್ಲ. ನಾನು ಒಪ್ಪಿದೆ. ನನಗೆ ಸುಳ್ಳು ಹೇಳಲು ಬರುತ್ತದೆ.

ಊರಿನ ಕೆಲಸಗಳೆಲ್ಲ ಮುಗಿದು, ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಬಿದ್ದು, ಹಿಂತಿರುಗುವಾಗ ಇಸ್ತಾಂಬುಲ್‌ನಿಂದ ಕಾರ್ಸ್ ಎಂಬ ಊರಿಗೆ ಹಾರಿದೆವು. ನಾನು, ಇವರು, ಎಂಟನೇ ಕ್ಲಾಸಿಗೆ ಹೋಗಲಿರುವ ಮಗಳು. ಅಲ್ಲಿಂದ ಟ್ಯಾಕ್ಸಿಯಲ್ಲಿ ಒಂದು ತಾಸಿನ ದಾರಿ. ಮರವೇ ಇಲ್ಲದ ಬಯಲು, ಒಣಹುಲ್ಲು, ದನ, ಗಾಳಿ. ಇದ್ದಕ್ಕಿದ್ದಂತೆ ಎರಡು ಸುತ್ತಿನ ಕೆಂಪು ಗೋಡೆ ಎದುರಾಯಿತು. ಬಾಗಿಲಿನ ಮೇಲ್ಗಡೆ ಕಲ್ಲಿನಲ್ಲಿ ಒಂದು ಸಿಂಹ.

ನನ್ನ ತವರು ಐಹೊಳೆಯ ಹತ್ತಿರ. ಹಾಳು ಕಟ್ಟಡ ನೋಡಿ ಉಸಿರು ಬಿಗಿಹಿಡಿಯುವ ಜಾತಿ ನಾವಲ್ಲ. ನಮ್ಮಜ್ಜಿಯ ಕಾಲದಲ್ಲಿ ಚಾಲುಕ್ಯರ ಗುಡಿಯೊಳಗೆ ಜನ ಸಂಸಾರ ಮಾಡಿಕೊಂಡಿದ್ದರು. ಕಂಬಕ್ಕೆ ಎಮ್ಮೆ ಕಟ್ಟಿ, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಆದರೆ ಆನಿ ನನ್ನನ್ನು ಸುಮ್ಮನಾಗಿಸಿತು. ನಮ್ಮಲ್ಲಿ ಗುಡಿ ಹಾಳಾದರೂ ಸುತ್ತ ಊರಿದೆ, ಬೈದಾಡುವ ಜನ ಇದ್ದಾರೆ. ಇಲ್ಲಿ ಇಡೀ ಊರೇ ಎದ್ದು ಹೋಗಿದೆ. ಅಲ್ಲೊಂದು ಚರ್ಚು, ಇಲ್ಲೊಂದು ಮಸೀದಿ, ನಡುವೆ ಮೈಲುಗಟ್ಟಲೆ ಹುಲ್ಲು. ಒಂದು ಚರ್ಚು ಮೇಲಿಂದ ಕೆಳಗೆ ಕುಡುಗೋಲಿನಿಂದ ಸೀಳಿದಂತೆ ಅರ್ಧ ಬಿದ್ದು ಅರ್ಧ ನಿಂತಿದೆ. ಕೆಳಗಿನ ಕಮರಿಯಲ್ಲಿ ನದಿ ಹರಿಯುತ್ತದೆ, ಆಚೆ ದಡ ಆರ್ಮೇನಿಯ. ಅಲ್ಲಿ ಮಗಳ ಫೋನು ಟಿಣ್ ಎಂದಿತು. ಆರ್ಮೇನಿಯಕ್ಕೆ ಸ್ವಾಗತ ಎಂಬ ಸಂದೇಶ.

"ಅಪ್ಪಾ, ಮೈ ಫೋನ್ ಜಸ್ಟ್ ಕ್ರಾಸ್ಡ್ ದ ಬಾರ್ಡರ್," ಎಂದಳು.

"ಅದಕ್ಕ ವೀಸಾ ಬೇಕಾಗಿಲ್ಲ ನೋಡು," ಎಂದು ಇವರು ಹೊಟ್ಟೆಕಿಚ್ಚಿನಿಂದ ಹೇಳಿದರು.

ನದಿಗೆ ಅಡ್ಡವಾಗಿ ಹಿಂದೊಮ್ಮೆ ಸೇತುವೆಯಿತ್ತು. ಈಗ ಎರಡು ದಡದಲ್ಲಿ ಎರಡು ಬುಡಗಳು ನಿಂತಿವೆ, ನಡುವಿನದೆಲ್ಲ ನೀರುಪಾಲಾಗಿದೆ. ನನ್ನ ಗಂಡನಿಗೆ ಆನಿಯಲ್ಲಿ ಕಂಡದ್ದು ಅದೊಂದೇ. ಮುಕ್ಕಾಲು ಗಂಟೆ ದಂಡೆಯ ಮೇಲೆ ನಿಂತು, ಬುಡದ ಕೆಲಸ ಫಸ್ಟ್ ಕ್ಲಾಸ್ ಅದ ಎಂದರು. ಸೇತುವೆಯೇ ಇಲ್ಲವಲ್ಲ ಎಂದರೆ, ಅದು ಬುಡದ ತಪ್ಪಲ್ಲ ಎಂದರು.

ಆಮೇಲೆ ದೊಡ್ಡ ಚರ್ಚಿಗೆ ಬಂದೆವು. ನೆತ್ತಿಯ ಗುಮ್ಮಟ ಬಿದ್ದು ಆಕಾಶ ಒಳಗೆ ಬಂದಿದೆ. ನಾನು ಶಾಲನ್ನು ತಲೆಯ ಮೇಲೆ ಹಾಕಿಕೊಂಡೆ. ಹೊಸ್ತಿಲ ಮುಂದೆ ನಾನೂ ಇವರೂ ಒಂದು ಮಾತಿಲ್ಲದೆ ಬೂಟು ಕಳಚಿದೆವು. ಯೋಚನೆ ಮಾಡಿ ಮಾಡಿದ್ದಲ್ಲ. ದೇವರಿದ್ದ ಜಾಗ, ಕಾಲು ತಾನಾಗಿ ಬಿಚ್ಚಿಕೊಂಡಿತು. ಒಳಗೆ ಕೈ ಮುಗಿದಾಯಿತು. ಹೊರಗೆ ಬಂದವಳೇ, ಬಲಗಡೆಯಿಂದ ಒಂದು ಸುತ್ತು ಹಾಕೋಣ ಎಂದೆ. ಮಗಳು ಬೂಟು ಕಳಚಿರಲಿಲ್ಲ. "ಯೂ ಗೈಸ್ ಆರ್ ನಾಟ್ ಸೀರಿಯಸ್," ಎಂದು ಒಂದು ಕಲ್ಲಿನ ಮೇಲೆ ಕೂತಳು.

ಆ ಚರ್ಚಿನ ಸುತ್ತ ಪ್ರದಕ್ಷಿಣೆಗೆ ಹಾದಿಯಿಲ್ಲ. ಮೊಣಕಾಲೆತ್ತರ ಒಣಹುಲ್ಲು, ಅದರ ತುಂಬ ಮುಳ್ಳಿನ ಕಾಯಿ. ಅರ್ಧ ಸುತ್ತಿಗೆ ನಮ್ಮ ಸಾಕ್ಸು ಮುಳ್ಳುಹಂದಿಯಾಗಿದ್ದವು. ಶಾಲಿನ ತುದಿ ಹುಲ್ಲಿನಲ್ಲಿ ಎಳೆದು ಅದಕ್ಕೂ ಹತ್ತಿದವು. ಸುತ್ತು ಅರ್ಧಕ್ಕೆ ಬಿಡಬಾರದಲ್ಲ, ಅಯ್ಯೋ ಅಪ್ಪಾ ಎನ್ನುತ್ತ ಹೆಜ್ಜೆಗೊಮ್ಮೆ ಬಗ್ಗಿ ಕಿತ್ತುಕೊಂಡು ನಡೆದೆವು. ಹಿಂಬದಿಯ ಗೋಡೆಯ ಬುಡದಲ್ಲಿ ನಾನು ಹಾಗೆ ಬಗ್ಗಿದಾಗ ಅದು ಕಂಡಿತು. ಅಡಿಕೆ ಗಾತ್ರ, ಕೆಂಪು. ಇವರು ಮುಂದೆ ಹೋಗಿದ್ದರು. ನನ್ನ ಕೈಚೀಲದಲ್ಲಿ ಇವರ ಶೇಂಗಾ ಚಟ್ನಿಯ ಡಬ್ಬಿ ಇತ್ತು. ಅದಿಲ್ಲದೆ ಇವರು ಯಾವ ದೇಶದ ಊಟವನ್ನೂ ನಂಬುವುದಿಲ್ಲ. ಮುಚ್ಚಳ ತೆಗೆದು, ಕಲ್ಲನ್ನು ಪುಡಿಯೊಳಗೆ ಒತ್ತಿ, ಮೇಲೆ ಸಮ ಮಾಡಿದೆ.

ಎದ್ದು ನಿಂತರೆ ಎದುರಿಗೆ ಕಾವಲುಗಾರ. ದೊಡ್ಡ ಮೀಸೆ, ಖಾಕಿ ಅಂಗಿ. ದೂರದಿಂದ ಅವನು ನೋಡಿದ್ದೇನು? ಬೂಟಿಲ್ಲದ ಇಬ್ಬರು ಚರ್ಚನ್ನು ಸುತ್ತುತ್ತಿದ್ದಾರೆ, ಹೆಜ್ಜೆಗೊಮ್ಮೆ ಬಗ್ಗಿ ನೆಲದಿಂದ ಏನೋ ಆರಿಸುತ್ತಿದ್ದಾರೆ. ಚೀಲ ತೋರಿಸು ಎಂದು ಕೈ ಮಾಡಿದ. ಇವರು ಅಷ್ಟರಲ್ಲಿ ಓಡಿ ಬಂದು ಮುಳ್ಳು ತುಂಬಿದ ಕಾಲನ್ನು ಎತ್ತಿ ಅವನಿಗೆ ತೋರಿಸಿದರು. ಅವನು ನಕ್ಕ. ಆದರೂ ಚೀಲ ನೋಡಿದ. ಡಬ್ಬಿ ತೆಗೆದ, ಮುಚ್ಚಳ ಬಿಚ್ಚಿದ, ಮೂಸಿದ, ಒಂದು ಬೆರಳು ಅದ್ದಿ ನಾಲಗೆಗಿಟ್ಟ. ಹುಬ್ಬು ಮೇಲೇರಿತು. ಇನ್ನೊಂದು ಸಲ ಅದ್ದಿದ. ಮುಚ್ಚಳ ಹಾಕಿ ಗೌರವದಿಂದ ನನ್ನ ಕೈಗೆ ವಾಪಸ್ ಕೊಟ್ಟ. ಮುಗಿದಿತ್ತು. ಕಲ್ಲು ನನ್ನದಾಗಿತ್ತು. ನನ್ನ ಮುಖ ಅರಳಿರಬೇಕು, ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಅಷ್ಟೇ ಸಾಕಾಯಿತು.

"ಅದರಾಗ ಇಟ್ಟೀಯೇನು?" ಎಂದರು ಮೆಲ್ಲಗೆ.

ನಾನು ಡಬ್ಬಿಯ ಮುಚ್ಚಳ ಇನ್ನಷ್ಟು ಬಿಗಿ ಮಾಡಿದೆ. ಕಾವಲುಗಾರ ಹತ್ತು ಹೆಜ್ಜೆ ಹೋಗಿದ್ದ. ಇವರ ಹಣೆಯ ಮೇಲೆ ಬೆವರು. ಆ ಗಾಳಿಯಲ್ಲಿ ಯಾರಿಗೂ ಬೆವರು ಬರುವಂತಿರಲಿಲ್ಲ.

"ಸರ್," ಎಂದು ಕೂಗಿದರು. "ಸರ್, ದೇರ್ ಈಸ್ ಎ ಸ್ಟೋನ್."

ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಅಲ್ಲಿಗೇ ನಿಲ್ಲಬಹುದಿತ್ತು. ಇವರು ಬಗ್ಗಿ ನೆಲದ ಒಂದು ಕಲ್ಲು ತೋರಿಸಿ, ಆಮೇಲೆ ಡಬ್ಬಿ ತೋರಿಸಿ, ಅಭಿನಯ ಮಾಡಿ ತಿಳಿಸಿದರು. ಇಂಥ ಮನುಷ್ಯನಿಗೆ ನನ್ನನ್ನು ಕೊಟ್ಟ ಅಪ್ಪನನ್ನು ನಾನು ಮನಸ್ಸಿನಲ್ಲೇ ನೆನೆದೆ.

ಕಾವಲುಗಾರ ಎರಡು ಬೆರಳಿನಿಂದ ಕಲ್ಲನ್ನು ತೆಗೆದು, ಉಫ್ ಎಂದು ಚಟ್ನಿ ಊದಿ, ಪ್ಯಾಂಟಿಗೆ ಒರೆಸಿದ. ಎಲ್ಲಿಂದ ಎಂದು ಕೈಯಲ್ಲಿ ಕೇಳಿದ. ಅಲ್ಲೆಲ್ಲೋ ಎಂದು ತೋರಿಸಿದೆ. ಅವನಿಗೆ ಅಲ್ಲೆಲ್ಲೋ ಬೇಡ, ಅಲ್ಲೇ ಬೇಕು. ನಾನು ಗೋಡೆಯ ಬುಡದಲ್ಲಿ ಮಂಡಿಯೂರಿ, ಮಣ್ಣಿನಲ್ಲಿ ಅದರ ಗುಳಿ ಹುಡುಕಿ, ಅದರೊಳಗೆ ಕೂರಿಸುವವರೆಗೂ ಪಕ್ಕದಲ್ಲಿ ನಿಂತಿದ್ದ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಗಳ ಫೋನಿಗೆ ಇಡೀ ಕಥೆ ಹೇಳಿದೆ. ಆಂಟಿ, ಆಂಟಿಯ ಅವ್ವ, ಕುಂಟೆಬಿಲ್ಲೆ, ಗಟಾರ. ಫೋನು ಅದನ್ನೆಲ್ಲ ಟರ್ಕಿ ಭಾಷೆಯಲ್ಲಿ ಒದರಿತು. ಅವನು ಪೂರ್ತಿ ಕೇಳಿ ತಾನೂ ಏನೋ ಹೇಳಿದ. ಮಗಳು ಓದಿ ಹೇಳಿದಳು.

"ಅಮ್ಮಾ, ಅವ್ನು ಹೇಳ್ತಾನೆ, ಇಲ್ಲಿ ಬರೋರು ಎಲ್ಲರ ಗ್ರ್ಯಾಂಡ್‌ಮದರ್ ಇಲ್ಲಿಂದಾನೇ. ಎವ್ರಿಬಡಿ ಒಂದು ಒಂದು ತಗೊಂಡ್ರೆ, ನೆಕ್ಸ್ಟ್ ಗ್ರ್ಯಾಂಡ್‌ಮದರ್‌ಗೆ ನಾನು ಏನು ತೋರಿಸ್ಲಿ?"

ಡಬ್ಬಿಯನ್ನು ಅವನ ಕೈಗಿಟ್ಟೆ, ಚಟ್ನಿಯ ಸಮೇತ.

"ಪೂರಾ ಕೊಟ್ಟಿ?" ಎಂದರು ಇವರು ಕಂಗಾಲಾಗಿ.

"ಬಾಯಿ ಮುಚ್ಕೊಂಡು ಇದ್ದಿದ್ರ ಕಲ್ಲೂ ಇರ್ತಿತ್ತು, ಚಟ್ನಿನೂ ಇರ್ತಿತ್ತು," ಎಂದೆ. ಕಾರ್ಸ್‌ನ ಹೋಟೆಲಿನಲ್ಲಿ ಆ ದಿನ ಇವರು ಚೀಸು, ಜೇನುತುಪ್ಪ, ಬ್ರೆಡ್ಡು ತಿಂದು ಮಲಗಿದರು. ನಾನು ಮಾತಾಡಲಿಲ್ಲ. ನನ್ನ ಸಾಕ್ಸುಗಳನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದೆ. ಇವರು ತಮ್ಮವನ್ನು ಪ್ಲಾಸ್ಟಿಕ್ ಚೀಲಕ್ಕೆ ಸುತ್ತಿ ಸೂಟ್‌ಕೇಸಿನ ಮೂಲೆಗೆ ತುರುಕಿದರು, ಚೆನ್ನಾಗಿದ್ದ ಸಾಕ್ಸು ಎನ್ನುತ್ತ. ಅಟ್ಲಾಂಟಾದ ವಿಮಾನ ನಿಲ್ದಾಣದಲ್ಲಿ ತಿನ್ನುವ ಪದಾರ್ಥ ಏನಿದೆ ಎಂದು ಕೇಳಿದಾಗ, ಉಪ್ಪಿನಕಾಯಿಯಿಂದ ಹಿಡಿದು ಜೇಬಿನ ಎರಡು ಲವಂಗದವರೆಗೆ ಒಪ್ಪಿಸಿದರು. ಸಾಕ್ಸಿನ ಬಗ್ಗೆ ಯಾರೂ ಕೇಳಲಿಲ್ಲ.

ಮನೆಗೆ ಬಂದೆವು. ಎದುರು ಮನೆಯ ಬೋರ್ಡಿನ ಮೇಲೆ ಮಾರಾಟವಾಗಿದೆ ಎಂದು ಬಿದ್ದಿತ್ತು. ಆಂಟಿಗೆ ಇನ್ನು ಎರಡೇ ವಾರ. ಫೋನಿನಲ್ಲಿ, ಬನ್ನಿ, ಬನ್ನಿ, ಯಾವಾಗ ಬರುತ್ತೀರಿ ಎಂದು ಕೇಳಿದರು. ಕಲ್ಲು ಎಂಬ ಮಾತು ಎತ್ತಲಿಲ್ಲ, ಅದು ಬಂದೇ ಬಂದಿದೆ ಎಂಬ ಖಾತರಿ ಆ ದನಿಯಲ್ಲಿತ್ತು. ನಾನು ಜೆಟ್‌ಲ್ಯಾಗ್ ಎಂದೆ. ಒಂದು ವಾರ ಜೆಟ್‌ಲ್ಯಾಗ್ ಎಂದೆ. ಇವರ ಜೊತೆ ಮಾತು ಬಿಟ್ಟಿದ್ದೆ. ಇವರ ಸೂಟ್‌ಕೇಸು ಕೋಣೆಯಲ್ಲಿ ಬಾಯಿ ತೆರೆದು ಬಿದ್ದಿದ್ದರೂ, ನಾನು ಮುಟ್ಟುವುದಿಲ್ಲ ಎಂದು ಹಟ ಹಿಡಿದು ಹಾಗೇ ಬಿಟ್ಟಿದ್ದೆ.

ಶನಿವಾರ ಇವರು ಜೋಳದ ಹಿಟ್ಟು ತರಲು ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಗೆ ಹೋದವರು ತಿರುಗಿ ಬಂದು ಹಿಟ್ಟಿನ ಚೀಲದ ಪಕ್ಕದಲ್ಲಿ ಒಂದು ಕಲ್ಲು ಇಟ್ಟರು. ಕೆಂಪು, ಸಣ್ಣ ತೂತುಗಳು, ಅಡಿಕೆ ಗಾತ್ರ. ಅಂಗಡಿಯ ಪಾರ್ಕಿಂಗ್ ಲಾಟಿನ ಗಿಡದ ಬುಡದಲ್ಲಿ ಅಂದಕ್ಕೆ ಇಂಥವನ್ನೇ ಹರಡಿದ್ದರಂತೆ.

"ಇದೂ ಜ್ವಾಲಾಮುಖಿ ಕಲ್ಲು, ಅದೂ ಜ್ವಾಲಾಮುಖಿ ಕಲ್ಲು," ಎಂದು ನನ್ನ ಮುಖ ನೋಡದೆ ಹೇಳಿದರು. "ನಾ ಏನೂ ಹೇಳಾಂಗಿಲ್ಲ. ನೀ ಏನರ ಹೇಳು."

ಆ ಮನುಷ್ಯನಿಗೆ ಇಷ್ಟು ಹೇಳಲು ಎಷ್ಟು ಕಷ್ಟವಾಗಿತ್ತು ಎಂದು ನನಗೆ ಗೊತ್ತು. ನನ್ನ ಮಾತು ಬಿಡುವ ವ್ರತ ಅಲ್ಲಿಗೆ ಮುಗಿಯಿತು. ಚಹಾ ಮಾಡಿಕೊಟ್ಟೆ.

ಇನ್ನು ಶಾಲು. ಅದನ್ನು ಮುಳ್ಳಿನ ಸಮೇತ ಹೇಗೆ ಕೊಡುವುದು? ಟಿವಿ ಮುಂದೆ ಕೂತು ಒಂದೊಂದಾಗಿ ಕಿತ್ತು ಕಸಕ್ಕೆ ಹಾಕಿದೆ. ಉಣ್ಣೆಯೊಳಗೆ ಹೊಕ್ಕವು ಬಿಡುತ್ತಿರಲಿಲ್ಲ, ಎಳೆದರೆ ದಾರ ಬರುತ್ತಿತ್ತು. ಒಂದು ತುದಿ ಮುಗಿಸಿ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಬೇಸತ್ತು, ಮುಳ್ಳು ಒಳಗೆ ಬರುವಂತೆ ಮಡಚಿಟ್ಟೆ.

ಸೋಮವಾರ ಸಂಜೆ ಹೋದೆವು. ಇವರಿಗೆ ಮೊದಲೇ ಹೇಳಿದ್ದೆ, ಬಾಯೊಳಗೆ ಏನಾದರೂ ಇಟ್ಟುಕೊಂಡೇ ಕೂಡ್ರಿ ಎಂದು. ಆಂಟಿ ಚೀಸ್ ತುಂಬಿದ ಪದರಿನ ತಿಂಡಿ ಮಾಡಿದ್ದರು. ಇವರು ಒಂದು ನುಂಗುವ ಮೊದಲೇ ಇನ್ನೊಂದನ್ನು ತುರುಕಿಕೊಳ್ಳುತ್ತಿದ್ದರು. ಸುತ್ತ ರಟ್ಟಿನ ಪೆಟ್ಟಿಗೆಗಳು, ಗೋಡೆಗಳು ಬರಿದು. ನಾನು ಕರವಸ್ತ್ರ ಬಿಚ್ಚಿ ಕಲ್ಲನ್ನು ಆಂಟಿಯ ಅಂಗೈಗಿಟ್ಟೆ.

ಅವರು ಬೆರಳು ಮುಚ್ಚಿಕೊಂಡರು. ಆಮೇಲೆ ಬೆರಳು ಬಿಡಿಸಿ, ಕನ್ನಡಕ ಹಾಕಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಕೋಲು ತೆಗೆದುಕೊಂಡು, ಬನ್ನಿ ಎಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಮುಂಬಾಗಿಲ ಗುಲಾಬಿ ಗಿಡಗಳ ಬುಡಕ್ಕೆ ಎಲ್ಲರ ಮನೆಯಂತೆ ಪೈನ್ ಮರದ ಒಣ ಎಲೆ ಹೊದಿಸಿತ್ತು. ಕೋಲಿನಿಂದ ಎಲೆ ಸರಿಸಿದರು. ಅಡಿಯಲ್ಲಿ ಕೆಂಪು ಕಲ್ಲು. ಸಣ್ಣ ತೂತುಗಳು, ಅಡಿಕೆ ಗಾತ್ರ. ನೂರಾರು.

"ನಮ್ಮ ಯಜಮಾನ್ರು ಹಾಕಿಸಿದ್ರು," ಎಂದರು. "ಬಣ್ಣ ಸರಿಯಿಲ್ಲ ಅಂತ ಬಡಾವಣೆ ಸಂಘದವರು ಪತ್ರದ ಮ್ಯಾಲೆ ಪತ್ರ ಬರದ್ರು. ಅದಕ್ಕ ಮ್ಯಾಲೆ ಇದನ್ನ ಮುಚ್ಚಿದ್ವಿ."

ಇವರು ಬಾಯಲ್ಲಿದ್ದುದನ್ನು ನುಂಗಿದರು. "ನಾರ್‌ಕ್ರಾಸ್, ಆಂಟಿ. ಅಂಗಡಿ ಪಾರ್ಕಿಂಗ್ ಲಾಟ್."

ಆಂಟಿ ಬೈಯಲಿಲ್ಲ. ಒಂದು ಮಾತೂ ಆಡದೆ ಒಳಗೆ ಹೋಗಿ ನಮ್ಮ ಲೋಟಗಳಿಗೆ ಇನ್ನಷ್ಟು ಚಹಾ ಸುರಿದರು. ಆಗ ನನಗೆ ಅವರು ಹೇಳಿದ್ದು ತಿಳಿಯಿತು, ಹೊಡೆದಿದ್ದರೆ ಒಳ್ಳೆಯದಿತ್ತು ಎಂದದ್ದು. ನೆಲ ಬಿರಿದು ನುಂಗಬಾರದೇ ಎನಿಸಿತು. ಕಾವಲುಗಾರ, ಚಟ್ನಿ, ಗುಳಿ, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದೆ. ಮುಖ ಎತ್ತಲಾರದೆ, ಕೈಗೆ ಕೆಲಸ ಬೇಕೆಂದು ಶಾಲು ತೆಗೆದು ಮುಂದಿಟ್ಟೆ. ಇದಕ್ಕೂ ಮುಳ್ಳು ಹತ್ತಿದೆ ಆಂಟಿ, ಅರ್ಧ ಕಿತ್ತೆ, ಉಳಿದದ್ದು ಬರಲಿಲ್ಲ, ಕ್ಷಮಿಸಿ ಎಂದೆ.

ಅವರು ಮಡಿಕೆ ಬಿಚ್ಚಿದರು. ತುದಿಯಲ್ಲಿ ಆರೇಳು ಮುಳ್ಳಿನ ಕಾಯಿ ಉಳಿದಿದ್ದವು.

"ಇವು ಎಲ್ಲಿ ಹತ್ತಿದ್ದು?"

"ಆನಿಯೊಳಗ. ದೊಡ್ಡ ಚರ್ಚಿಗೆ ಸುತ್ತು ಹಾಕುವಾಗ."

ಆಂಟಿ ನನ್ನನ್ನು ನೋಡಲಿಲ್ಲ. ನನ್ನ ಮಾತಿಗೆ ಆ ಮನೆಯಲ್ಲಿ ಅಂದು ಕಿಮ್ಮತ್ತು ಇರಲಿಲ್ಲ, ಇರಲೂಬಾರದು. ಅವರು ಇವರ ಕಡೆ ತಿರುಗಿದರು.

"ಖರೇನ?"

"ಖರೇ, ಆಂಟಿ," ಎಂದರು ಇವರು. "ಚರ್ಚಿನ ಹಿಂದ. ಗೋಡೆಯಿಂದ ಒಂದು ಮಾರು ದೂರ."

ಆಂಟಿ ಒಂದು ಕಾಯಿಯ ಮೇಲೆ ಬೆರಳಿಟ್ಟರು. ಚುಚ್ಚಿತು. ಬೆರಳು ಹಿಂದಕ್ಕೆ ತೆಗೆಯಲಿಲ್ಲ. "ಉಳಿದ ಅರ್ಧ?" ಎಂದು ಕೇಳಿದರು.

"ಕಸಕ್ಕ ಹಾಕಿದೆ," ಎಂದೆ. ಕಸದ ಲಾರಿ ಅಂದು ಬೆಳಗ್ಗೆಯೇ ಬಂದು ಹೋಗಿತ್ತು. ನನಗೆ ಅಳು ತಡೆಯಲಿಲ್ಲ. ಕಣ್ಣು ಒರೆಸಿಕೊಂಡು ನೋಡಿದರೆ ಇವರು ಕುರ್ಚಿಯಲ್ಲಿ ಇರಲಿಲ್ಲ. ಕಿಟಕಿಯಿಂದ ಕಂಡಿತು, ಐವತ್ತರ ಗಂಡಸು ಬೀದಿ ದಾಟಿ ಮನೆಗೆ ಓಡುತ್ತಿದ್ದರು. ಅದೇ ಓಟದಲ್ಲಿ ತಿರುಗಿ ಬಂದರು, ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ.

"ಒಗದಿಲ್ಲ, ಆಂಟಿ," ಎಂದು ಯಾರೂ ಕೇಳದೆಯೇ ಒಪ್ಪಿಕೊಂಡು, ಚೀಲ ಬಿಚ್ಚಿ, ಎರಡು ಸಾಕ್ಸು ಮೇಜಿನ ಮೇಲಿಟ್ಟರು.

ವಾಸನೆಯ ಬಗ್ಗೆ ನಾನು ಬರೆಯುವುದಿಲ್ಲ. ಆಂಟಿ ಹಾಳೆ ಹಾಸಿ, ಹುಬ್ಬು ಕೀಳುವ ಸಣ್ಣ ಚಿಮಟ ತಂದು, ಸಾಕ್ಸೊಂದನ್ನು ಕೈಗೆ ಹಾಕಿಕೊಂಡು ಕೂತರು. ಹಿಮ್ಮಡಿಯಿಂದ ಒಂದು, ಬೆರಳಿನ ಹತ್ತಿರ ಎರಡು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಹಾಳೆಯ ಮೇಲಿಡುತ್ತಿದ್ದರು. ನಾನು ಸಹಾಯಕ್ಕೆ ಕೈ ಚಾಚಿದರೆ ತಟ್ಟಿ ಸರಿಸಿದರು. ವಿಮಾನ ನಿಲ್ದಾಣದಲ್ಲಿ ಇದನ್ನೂ ಹೇಳಬೇಕಿತ್ತೇನೋ ಎಂದು ಇವರು ಗೊಣಗಿದರು. ನಾನು ಮೇಜಿನ ಕೆಳಗೆ ಕಾಲು ತುಳಿದೆ.

ಕೊನೆಯದನ್ನು ತೆಗೆದು ಆಂಟಿ ಚಿಮಟ ಕೆಳಗಿಟ್ಟರು.

"ಮೂರು ದಿನ ಹುಡುಕಿದ್ಲು ನಮ್ಮವ್ವ," ಎಂದರು. "ಸಿಕ್ತು ಅಂತ ಆಕಿಗೆ ಹೇಳ್ತೀನಿ."

ಆಮೇಲೆ ಅವರು ನಮ್ಮ ನಾರ್‌ಕ್ರಾಸಿನ ಕಲ್ಲನ್ನು ಇವರ ಮುಂದೆ ಸರಿಸಿ, ಎಲ್ಲಿಂದ ತಂದಿರೋ ಅಲ್ಲೇ ಇಟ್ಟು ಬನ್ನಿ ಎಂದರು. ಇವರು ಮರುದಿನವೇ ಹೋಗಿ ಇಟ್ಟು ಬಂದರು. ಅದೇ ಗಿಡದ ಬುಡವೇ ಎಂದು ಕೇಳಿದೆ. ಅದೇ ಗಿಡ, ಎಡಗಡೆ ಎಂದರು.

ಡರ್ಹಮ್‌ಗೆ ಹೊರಡುವ ಹಿಂದಿನ ದಿನ ಆಂಟಿ ನಮ್ಮ ಮನೆಗೆ ಬಂದು ಇವರ ಸಾಕ್ಸುಗಳನ್ನು ವಾಪಸ್ ಕೊಟ್ಟರು. ಒಗೆದು, ಇಸ್ತ್ರಿ ಮಾಡಿದ್ದರು. ಎರಡರೊಳಗೂ ಬಾದಾಮಿ ತುಂಬಿತ್ತು.